ಶೋಧನೆ ಬಂದವರನ್ನು ಒಂಟಿಯಾಗಿ ಬಿಡಬೇಡಿ

ಸಂಪಾದಕರಿಗೆ ನಮಸ್ಕಾರ,

ಮೊನ್ನೆ ನಿಮ್ಮ ಓದುಗರ ವಿಭಾಗದಲ್ಲಿ ಒಬ್ಬರು ಬರೆದ ಪತ್ರ ನೋಡಿದೆ. ನಿಜವಾದ ದೈವಭಕ್ತಿ ಇರುವವರ ಮನಸ್ಸಿನಲ್ಲಿ ಕೆಟ್ಟ ಆಸೆ ಹುಟ್ಟುವುದೇ ಇಲ್ಲ, ಹುಟ್ಟಿತು ಅಂದರೆ ಅವರ ಪ್ರಾರ್ಥನೆಯಲ್ಲೇ ಏನೋ ಕೊರತೆ ಇದೆ ಅಂತ ಬರೆದಿದ್ದರು. ಒಳ್ಳೆಯ ಮನಸ್ಸಿನಿಂದಲೇ ಬರೆದಿರಬಹುದು. ಆದರೆ ಆ ಮಾತು ಸರಿಯಲ್ಲ. ಸರಿಯಲ್ಲ ಅನ್ನುವುದಷ್ಟೇ ಅಲ್ಲ, ಅದು ಜನರಿಗೆ ಪೆಟ್ಟು ಕೊಡುವ ಮಾತು, ಅದರಲ್ಲೂ ಹರೆಯದ ಮಕ್ಕಳಿಗೆ. ನಾನು ನಮ್ಮ ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಯುವಕರ ಬೈಬಲ್ ತರಗತಿ ನಡೆಸುವವನು. ಇದಕ್ಕೆ ಉತ್ತರ ಕೊಡದೆ ಸುಮ್ನೆ ಇರಲು ಆಗಲಿಲ್ಲ.

ನಾವು ಕ್ರೈಸ್ತರು ಇದಕ್ಕೆ ಶೋಧನೆ ಅನ್ನುತ್ತೇವೆ. ಬೇರೆಯವರು ಪ್ರಲೋಭನೆ ಅನ್ನಬಹುದು, ಆಮಿಷ ಅನ್ನಬಹುದು. ಮಾಡಬಾರದು ಅಂತ ಚೆನ್ನಾಗಿ ಗೊತ್ತಿದ್ದರೂ ಮನಸ್ಸು ಆ ಕಡೆಗೇ ಎಳೆಯುವುದು. ಇದು ಗೊತ್ತಿಲ್ಲದ ಮನುಷ್ಯ ಯಾರಿದ್ದಾರೆ ಹೇಳಿ?

ಒಂದು ದಿನ ತರಗತಿ ಮುಗಿದ ಮೇಲೆ ಒಬ್ಬ ಹುಡುಗ ಹೋಗದೆ ಉಳಿದುಕೊಂಡ. ಎಲ್ಲರೂ ಹೊರಗೆ ಹೋಗುವ ತನಕ ಕುರ್ಚಿಗಳನ್ನು ಒಂದರ ಮೇಲೊಂದು ಜೋಡಿಸುತ್ತಾ ಇದ್ದ. ಆಮೇಲೆ ಕೈಯಲ್ಲಿದ್ದ ಫೋನನ್ನು ಮೇಜಿನ ಮೇಲೆ ಮಗುಚಿ ಇಟ್ಟು, ನನ್ನ ಮುಖ ನೋಡದೆ ಕೇಳಿದ, "ಅಂಕಲ್, ದೀಕ್ಷಾಸ್ನಾನ ಆದ ಮೇಲೂ ಇಂಥ ಯೋಚನೆಗಳು ಬರ್ತಾನೇ ಇವೆ ಅಂದ್ರೆ ನಾನು ನಿಜವಾಗಿ ರಕ್ಷಣೆ ಹೊಂದಿಲ್ಲ ಅಂತಾನಾ?" ದೀಕ್ಷಾಸ್ನಾನ ಅಂದರೆ ಕ್ರೈಸ್ತ ನಂಬಿಕೆಗೆ ಸೇರುವಾಗ ನೀರಿನಿಂದ ಮಾಡುವ ಸಂಸ್ಕಾರ, ರಕ್ಷಣೆ ಅಂದರೆ ಪಾಪದಿಂದ ಬಿಡುಗಡೆ. ಎಂಥ ಯೋಚನೆ ಅಂತ ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ. ಆ ಯೋಚನೆಗಿಂತ ಜಾಸ್ತಿ, ಅದು ನನಗೆ ಬಂದುಬಿಟ್ಟಿತಲ್ಲ ಅನ್ನುವ ನಾಚಿಕೆಯೇ ಅವನನ್ನು ತಿನ್ನುತ್ತಿತ್ತು. ಯಾರಿಗೂ ಹೇಳಿರಲಿಲ್ಲ. ಮನೆಯಲ್ಲಿ ಹೇಳುವ ಹಾಗಿಲ್ಲ, ಸ್ನೇಹಿತರಿಗೆ ಹೇಳಿದರೆ ಆಡಿಕೊಳ್ಳುತ್ತಾರೆ, ಸಭಾಪಾಲಕರ (ಪಾದ್ರಿಗಳ) ಮುಂದೆ ಬಾಯಿ ಬಿಡಲು ಭಯ.

ಅವನಿಗೆ ನಾನು ಬೈಬಲಿನಲ್ಲಿ ಯೇಸುವಿನ ಜೀವನ ಹೇಳುವ ಮತ್ತಾಯನ ಸುವಾರ್ತೆ ತೆಗೆದು ತೋರಿಸಿದೆ. 3ನೇ ಅಧ್ಯಾಯದ ಕೊನೆಯಲ್ಲಿ ಯೇಸುವಿನ ದೀಕ್ಷಾಸ್ನಾನ. ಆಕಾಶದಿಂದ ಮಾತು ಕೇಳಿಸುತ್ತದೆ, ಈತನು ಪ್ರಿಯನಾಗಿರುವ ನನ್ನ ಮಗನು ಅಂತ. ಅದಾದ ಕೂಡಲೇ 4ನೇ ಅಧ್ಯಾಯದ ಮೊದಲ ವಚನದಲ್ಲೇ ಪವಿತ್ರಾತ್ಮನು ಅವನನ್ನು ಅಡವಿಗೆ ಕರೆದುಕೊಂಡು ಹೋಗುತ್ತಾನೆ, ಸೈತಾನನಿಂದ ಶೋಧನೆ ಶುರುವಾಗುತ್ತದೆ. ನಡುವೆ ಬೇರೆ ಘಟನೆಯೇ ಇಲ್ಲ. ಮಗನು ಅಂತ ಹೇಳಿಸಿಕೊಂಡವನಿಗೆ ಮೊದಲು ಬಂದ ಪ್ರಶ್ನೆಯೂ ಅದೇ, ನೀನು ದೇವರ ಮಗನಾಗಿದ್ದರೆ ಈ ಕಲ್ಲುಗಳು ರೊಟ್ಟಿಯಾಗುವಂತೆ ಹೇಳು. ಅಂದರೆ ಶೋಧನೆ ಬಂದದ್ದು ದೇವರಿಂದ ದೂರ ಹೋದದ್ದಕ್ಕೆ ಗುರುತಲ್ಲ. ಇಬ್ರಿಯರಿಗೆ ಬರೆದ ಪತ್ರದ 4ನೇ ಅಧ್ಯಾಯದಲ್ಲಿ ಸ್ಪಷ್ಟವಾಗಿದೆ: ಆತನು ಎಲ್ಲ ವಿಷಯಗಳಲ್ಲೂ ನಮ್ಮ ಹಾಗೆಯೇ ಶೋಧನೆಗೆ ಗುರಿಯಾದನು, ಪಾಪ ಮಾತ್ರ ಮಾಡಲಿಲ್ಲ. ಶೋಧನೆ ಬರುವುದೇ ಪಾಪ ಅನ್ನುವುದಾದರೆ ಈ ವಚನವನ್ನು ಬೈಬಲಿನಿಂದ ತೆಗೆದುಹಾಕಬೇಕಾಗುತ್ತದೆ. ಹಾಗೆ ಮಾಡಲು ಯಾರೂ ಸಿದ್ಧರಿಲ್ಲ, ಅಲ್ವಾ?

ಹಾಗಾದರೆ ಪಾಪ ಎಲ್ಲಿ ಶುರುವಾಗುತ್ತದೆ? ಯಾಕೋಬನು ತನ್ನ ಪತ್ರದ ಮೊದಲ ಅಧ್ಯಾಯದಲ್ಲೇ ಇದನ್ನು ಬಿಡಿಸಿ ಹೇಳುತ್ತಾನೆ. ದೇವರು ಯಾರನ್ನೂ ಕೆಟ್ಟದ್ದಕ್ಕೆ ಎಳೆಯುವುದಿಲ್ಲ. ಒಬ್ಬೊಬ್ಬರನ್ನು ಎಳೆಯುವುದು ಅವರವರ ಆಸೆ. ಆ ಆಸೆ ಬಸುರಾಗಿ ಪಾಪವನ್ನು ಹೆರುತ್ತದೆ, ಪಾಪ ಬೆಳೆದು ಮರಣವನ್ನು ಹೆರುತ್ತದೆ. ಗಮನಿಸಿ, ಬಸುರಿಗೂ ಹೆರಿಗೆಗೂ ನಡುವೆ ಸಮಯ ಇರುತ್ತದೆ. ಬಂದ ಯೋಚನೆ ಒಂದು, ಅದನ್ನು ಕೂರಿಸಿಕೊಂಡು ಮಾತಾಡಿಸುವುದು ಇನ್ನೊಂದು. 4ನೇ ಶತಮಾನದಲ್ಲಿ ಈಜಿಪ್ಟಿನ ಮರಳುಗಾಡಿನಲ್ಲಿ ಬದುಕಿದ್ದ ಇವಾಗ್ರಿಯಸ್ ಎಂಬ ಸನ್ಯಾಸಿಯೂ ಇದನ್ನೇ ಕಲಿಸಿದರು. ಇಂಥ ಯೋಚನೆಗಳು ನಮ್ಮನ್ನು ಕಾಡುತ್ತವೋ ಇಲ್ಲವೋ ಅನ್ನುವುದು ನಮ್ಮ ಕೈಯಲ್ಲಿಲ್ಲ, ಅವು ನಮ್ಮೊಳಗೆ ಉಳಿಯಬೇಕೋ ಬೇಡವೋ ಅನ್ನುವುದು ಮಾತ್ರ ನಮ್ಮ ಕೈಯಲ್ಲಿದೆ ಅಂತ. ಊರು ಬಿಟ್ಟು, ಆಸ್ತಿ ಬಿಟ್ಟು, ಉಪವಾಸ ಪ್ರಾರ್ಥನೆಯಲ್ಲೇ ದಿನ ಕಳೆಯುತ್ತಿದ್ದ ಜನರಿಗೇ ಯೋಚನೆಗಳು ಕಾಡುತ್ತಿದ್ದವು. ಅವರ ಪ್ರಾರ್ಥನೆ ಕಡಿಮೆ ಆಗಿತ್ತು ಅನ್ನೋಣವೇ?

ಇವಾಗ್ರಿಯಸ್ ಇಂಥ ಯೋಚನೆಗಳನ್ನು ಎಂಟು ಬಗೆಯಾಗಿ ವಿಂಗಡಿಸಿದ್ದರು. ಹೊಟ್ಟೆಬಾಕತನ, ಕಾಮ, ದುಡ್ಡಿನ ಆಸೆ, ದುಃಖ, ಕೋಪ, ಬೇಸರ, ಹೊಗಳಿಕೆಯ ಹಂಬಲ, ಗರ್ವ. ಈ ಪಟ್ಟಿಯನ್ನೇ 6ನೇ ಶತಮಾನದ ಕೊನೆಯ ಹೊತ್ತಿಗೆ ಪೋಪ್ ಗ್ರೆಗರಿ ಮಾರ್ಪಾಡು ಮಾಡಿದರು, ಮುಂದೆ ಏಳು ಪಾಪಗಳು ಅಂತ ಹೆಸರಾದದ್ದು ಅದೇ. ನನಗೆ ಇದರಲ್ಲಿ ತುಂಬಾ ಹಿಡಿಸಿದ್ದು ಬೇಸರದ ವಿವರಣೆ. ಬೆಳಗ್ಗೆ ಸುಮಾರು 10 ಗಂಟೆಯಿಂದ ಮಧ್ಯಾಹ್ನ 2 ಗಂಟೆವರೆಗೆ ಅದು ಬಂದು ಮುತ್ತಿಕೊಳ್ಳುತ್ತದಂತೆ. ಹೊತ್ತು ಕದಲುವುದೇ ಇಲ್ಲ ಅನ್ನಿಸುತ್ತದೆ. ಸನ್ಯಾಸಿ ಕಿಟಕಿಯ ಕಡೆಗೇ ನೋಡುತ್ತಾನೆ, ಹೊರಗೆ ಬಂದು ಸೂರ್ಯ ಎಷ್ಟು ಮೇಲೆ ಬಂದಿದ್ದಾನೆ ಅಂತ ನೋಡುತ್ತಾನೆ, ಯಾರಾದರೂ ಮಾತಾಡಿಸಲು ಬರುತ್ತಾರಾ ಅಂತ ಆಕಡೆ ಈಕಡೆ ನೋಡುತ್ತಾನೆ. ಇರುವ ಜಾಗ ಬೇಡ, ಮಾಡುವ ಕೆಲಸ ಬೇಡ. ಸುಮಾರು 1600 ವರ್ಷದ ಹಿಂದಿನ ಮಾತು ಇದು. ಈಗ ಕೈ ಫೋನಿನ ಕಡೆ ಹೋಗುವುದು ಇದೇ ಹೊತ್ತಿನಲ್ಲಿ, ಇದೇ ಬೇಸರದಿಂದಲೇ. ಬಹಳ ಸಲ ನಮ್ಮನ್ನು ಬೀಳಿಸುವುದು ದೊಡ್ಡ ಆಸೆಯಲ್ಲ, ಮಾಡಲು ಏನೂ ಇಲ್ಲದ ಒಂದು ಗಂಟೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ನಮ್ಮ ಚರ್ಚಿನ ಪ್ರಸಂಗಗಳಲ್ಲಿ, ಅಂದರೆ ಉಪದೇಶಗಳಲ್ಲಿ, ಶೋಧನೆ ಅಂದ ಕೂಡಲೇ ಕುಡಿತ, ಹೆಣ್ಣು, ಸಿನಿಮಾ ಇಷ್ಟೇ ಬರುತ್ತವೆ. ಆ ಎಂಟರಲ್ಲಿ ಅದು ಒಂದೋ ಎರಡೋ. ಹೊಗಳಿಕೆಯ ಹಂಬಲದ ಬಗ್ಗೆ ವೇದಿಕೆಯಿಂದ ಪ್ರಸಂಗ ಕೇಳುವುದು ಅಪರೂಪ. ಕೋಪದ ಬಗ್ಗೆಯೂ ಅಷ್ಟೇ. ಮನೆಯವರ ಮೇಲೆ ದಿನಾ ಕೂಗಾಡುವವರು ತಮಗೆ ಶೋಧನೆಯೇ ಇಲ್ಲ ಅಂದುಕೊಂಡು ನೆಮ್ಮದಿಯಾಗಿ ಕೂತಿರುತ್ತಾರೆ, ಆ ಹುಡುಗನಂಥವನು ಮಾತ್ರ ತಲೆ ತಗ್ಗಿಸಿಕೊಂಡು ಕೂರುತ್ತಾನೆ. ಇದು ನ್ಯಾಯವಲ್ಲ.

ಇನ್ನು ಎದುರಿಸುವುದು ಹೇಗೆ? ಮನಸ್ಸು ಗಟ್ಟಿ ಮಾಡಿಕೋ, ಪ್ರಾರ್ಥನೆ ಮಾಡು ಅಂತ ಹೇಳಿ ಕಳಿಸಿಬಿಡುತ್ತೇವೆ. ಕೊನೆಯ ಕ್ಷಣದಲ್ಲಿ ಹಲ್ಲು ಕಚ್ಚಿ ತಡೆದುಕೊಳ್ಳಬೇಕು ಅನ್ನುವುದೇ ನಮ್ಮ ಕಲ್ಪನೆ. ಬೈಬಲಿನ ಕಥೆಗಳನ್ನು ನಿಧಾನವಾಗಿ ಓದಿದರೆ ಬೇರೆಯೇ ಕಾಣುತ್ತದೆ. ಎರಡನೇ ಸಮುವೇಲ ಪುಸ್ತಕದ 11ನೇ ಅಧ್ಯಾಯದಲ್ಲಿ ಅರಸ ದಾವೀದನ ಪತನ ನೋಡಿ. ಅರಸರು ಯುದ್ಧಕ್ಕೆ ಹೊರಡುವ ಕಾಲ, ದಾವೀದ ಮಾತ್ರ ಯೆರೂಸಲೇಮಿನಲ್ಲೇ ಉಳಿದ. ಸಂಜೆ ಹಾಸಿಗೆಯಿಂದ ಎದ್ದು ಅರಮನೆಯ ಮಾಳಿಗೆಯ ಮೇಲೆ ಓಡಾಡುತ್ತಿದ್ದ. ಸ್ನಾನ ಮಾಡುತ್ತಿದ್ದ ಹೆಂಗಸು ಕಣ್ಣಿಗೆ ಬಿದ್ದಳು. ಅಷ್ಟಕ್ಕೇ ಬಿಟ್ಟು ಮಾಳಿಗೆಯಿಂದ ಕೆಳಗಿಳಿಯಬಹುದಿತ್ತು, ಇಳಿಯಲಿಲ್ಲ. ಯಾರವಳು ಅಂತ ವಿಚಾರಿಸಿದ. ಬಂದ ಉತ್ತರ ನೋಡಿ: ಅವಳು ಎಲೀಯಾಮನ ಮಗಳು, ಊರೀಯನ ಹೆಂಡತಿ ಬತ್ಷೆಬೆ ಅಲ್ಲವೇ ಅಂತ. ಅಂದರೆ ಒಬ್ಬ ಸೇವಕ ಅವಳು ಮದುವೆಯಾದವಳು ಅಂತ ಎದುರಿಗೇ ಹೇಳಿದ. ಆ ಊರೀಯ ದಾವೀದನ ಸ್ವಂತ ವೀರರ ಪಟ್ಟಿಯಲ್ಲಿದ್ದವನು, ಅದೇ ಪುಸ್ತಕದ 23ನೇ ಅಧ್ಯಾಯದಲ್ಲಿ ಅವನ ಹೆಸರಿದೆ. ಅಷ್ಟಾದ ಮೇಲೂ ದಾವೀದ ಆಳುಗಳನ್ನು ಕಳಿಸಿ ಕರೆಸಿದ. ಎಷ್ಟು ಕಡೆ ನಿಲ್ಲಬಹುದಿತ್ತು! ಮಾಳಿಗೆಯ ಮೇಲೆ ಸುಲಭವಾಗಿದ್ದದ್ದು ಆಳನ್ನು ಕಳಿಸಿದ ಮೇಲೆ ಕಷ್ಟ, ಅವಳು ಬಸುರಿ ಅಂತ ಸುದ್ದಿ ಬಂದ ಮೇಲೆ ಇನ್ನೂ ಕಷ್ಟ, ಕೊನೆಗೆ ಊರೀಯನನ್ನು ಯುದ್ಧದಲ್ಲಿ ಸಾಯಿಸುವವರೆಗೆ ಹೋಯಿತು. ಕೀರ್ತನೆ ಬರೆದವನಿಗೇ ಹೀಗಾಯಿತು.

ಈಜಿಪ್ಟಿನಲ್ಲಿ ಆಳಾಗಿದ್ದ ಯೋಸೇಫನ ವಿಷಯ ಇದಕ್ಕೆ ತದ್ವಿರುದ್ಧ. ಆದಿಕಾಂಡ 39ರಲ್ಲಿ ಅವನ ಯಜಮಾನ ಪೋಟೀಫರನ ಹೆಂಡತಿ ಅವನನ್ನು ಕರೆದದ್ದು ಒಂದು ದಿನ ಅಲ್ಲ, ದಿನಾ. ಅವನು ಒಪ್ಪಲಿಲ್ಲ ಅಷ್ಟೇ ಅಲ್ಲ, ಅವಳ ಬಳಿ ಇರುವುದಕ್ಕೂ ಒಪ್ಪಲಿಲ್ಲ ಅಂತ ಬರೆದಿದೆ. ಕೊನೆಗೆ ಅವಳು ಬಟ್ಟೆ ಹಿಡಿದುಕೊಂಡಾಗ ಬಟ್ಟೆ ಬಿಟ್ಟು ಓಡಿದ. ವಾದ ಮಾಡುತ್ತಾ ನಿಲ್ಲಲಿಲ್ಲ, ನನ್ನ ಭಕ್ತಿ ಎಷ್ಟು ಗಟ್ಟಿ ನೋಡೋಣ ಅಂತ ಪರೀಕ್ಷೆ ಮಾಡಿಕೊಳ್ಳಲಿಲ್ಲ. ಓಡಿದ್ದಕ್ಕೆ ಬಹುಮಾನವೂ ಸಿಗಲಿಲ್ಲ, ಅವಳ ಸುಳ್ಳು ದೂರಿನಿಂದ ಸೆರೆಮನೆ ಸಿಕ್ಕಿತು. ಇದನ್ನು ಮಕ್ಕಳಿಗೆ ಮುಚ್ಚಿಡಬಾರದು. ಶೋಧನೆ ಗೆದ್ದ ಕೂಡಲೇ ಎಲ್ಲ ಒಳ್ಳೆಯದಾಗುತ್ತದೆ ಅಂತ ಹೇಳಿ ಕಳಿಸಿದರೆ, ಹಾಗಾಗದಿದ್ದಾಗ ಮಕ್ಕಳು ನಮ್ಮನ್ನೂ ನಂಬುವುದಿಲ್ಲ, ದೇವರನ್ನೂ ನಂಬುವುದಿಲ್ಲ.

ಯೇಸುವಿನ ಸುವಾರ್ತೆ ಸಾರಿದ ಅಪೊಸ್ತಲ ಪೌಲನು ಕೊರಿಂಥದ ಸಭೆಯವರಿಗೆ ಬರೆದ ಮೊದಲ ಪತ್ರದ 10ನೇ ಅಧ್ಯಾಯದಲ್ಲಿ ದೇವರು ಶೋಧನೆಯ ಜೊತೆಗೆ ತಪ್ಪಿಸಿಕೊಳ್ಳುವ ದಾರಿಯನ್ನೂ ಇಡುತ್ತಾನೆ ಅಂತ ಬರೆದಿದ್ದಾನೆ. ಎಲ್ಲರಿಗೂ ಬಾಯಿಪಾಠ ಆಗಿರುವ ವಚನ. ಆ ದಾರಿ ಯಾವುದೋ ಪವಾಡ ಅಂತ ಕಾಯುತ್ತಾ ಕೂರುತ್ತೇವೆ. ಬಹಳ ಸಲ ಅದು ತೀರಾ ಸಾಮಾನ್ಯವಾಗಿರುತ್ತದೆ. ರಾತ್ರಿ ಫೋನನ್ನು ಮಲಗುವ ಕೋಣೆಯ ಹೊರಗೆ ಇಡುವುದು, ಆ ನಂಬರನ್ನು ಅಳಿಸಿಹಾಕುವುದು, ಆ ಗುಂಪಿನ ಜೊತೆ ಹೋಗದೆ ಇರುವುದು, ಸಿಟ್ಟು ನೆತ್ತಿಗೇರಿದಾಗ ಬರೆದ ಮೆಸೇಜನ್ನು ಕಳಿಸದೆ ಎದ್ದು ಹೋಗುವುದು. ದುಡ್ಡಿನ ವಿಷಯದಲ್ಲಿ ಪೌಲನೇ ಏನು ಮಾಡಿದ ನೋಡಿ. ಯೆರೂಸಲೇಮಿನ ಬಡವರಿಗಾಗಿ ಕೂಡಿಸಿದ ಕಾಣಿಕೆ ದೊಡ್ಡದಿತ್ತು. ಅದರ ಬಗ್ಗೆ ಯಾರೂ ಬೆರಳು ತೋರಿಸದಿರಲಿ ಅಂತ ಸಭೆಗಳು ನಂಬಿದ ಸಹೋದರರನ್ನು ಜೊತೆಗೆ ಸೇರಿಸಿಕೊಂಡ, ಕೊರಿಂಥದವರಿಗೆ ಬರೆದ ಎರಡನೇ ಪತ್ರದ 8ನೇ ಅಧ್ಯಾಯದಲ್ಲಿದೆ. ಅಪೊಸ್ತಲನೇ ಒಬ್ಬನೇ ಹಣ ಹಿಡಿಯಲು ಒಪ್ಪಲಿಲ್ಲ ಅಂದರೆ, ಸಭೆಯ ಕಾಣಿಕೆ ಎಣಿಸುವಾಗ ಇಬ್ಬರಿರಬೇಕು ಅನ್ನುವ ನಿಯಮಕ್ಕೆ ನನ್ನ ಮೇಲೆ ನಂಬಿಕೆ ಇಲ್ವಾ ಅಂತ ಯಾರೂ ಮುಖ ಊದಿಸಿಕೊಳ್ಳಬೇಕಾಗಿಲ್ಲ.

ವಚನ ಹೇಳಿದರೆ ಸೈತಾನ ಓಡಿಹೋಗುತ್ತಾನೆ ಅಂತಲೂ ಕೆಲವರು ಕಲಿಸುತ್ತಾರೆ. ಯೇಸು ಅಡವಿಯಲ್ಲಿ ಮೂರು ಸಲವೂ ವಚನದಿಂದಲೇ ಉತ್ತರ ಕೊಟ್ಟದ್ದು ನಿಜ, ಮೂರೂ ಹಳೆ ಒಡಂಬಡಿಕೆಯ ಧರ್ಮೋಪದೇಶಕಾಂಡದ 6 ಮತ್ತು 8ನೇ ಅಧ್ಯಾಯದವು. ಆದರೆ ಸೈತಾನನೂ ವಚನ ಹೇಳಿದ ಅನ್ನುವುದನ್ನು ಮರೆಯುತ್ತೇವೆ. ದೇವಾಲಯದ ತುದಿಯಲ್ಲಿ ನಿಲ್ಲಿಸಿ, ದೇವದೂತರು ನಿನ್ನ ಕಾಲು ಕಲ್ಲಿಗೆ ತಗಲದಂತೆ ಎತ್ತಿಕೊಳ್ಳುತ್ತಾರೆ ಅಂತ 91ನೇ ಕೀರ್ತನೆಯ ಮಾತನ್ನೇ ಒಪ್ಪಿಸಿದ. ವಚನ ಮಂತ್ರ ಅಲ್ಲ. ಧರ್ಮೋಪದೇಶಕಾಂಡದ ಆ ಅಧ್ಯಾಯಗಳು ಇಸ್ರಾಯೇಲ್ಯರು 40 ವರ್ಷ ಅಡವಿಯಲ್ಲಿ ಹಸಿದದ್ದು, ಗೊಣಗಿದ್ದು, ದೇವರನ್ನು ಪರೀಕ್ಷಿಸಿದ್ದು, ಇದೆಲ್ಲ ನೆನಪಿಸುವ ಅಧ್ಯಾಯಗಳು. ಅವರು ಸೋತ ಜಾಗದಲ್ಲೇ 40 ದಿನ ಹಸಿದು ನಿಂತ ಯೇಸು ಆ ಮಾತುಗಳನ್ನು ಹೇಳಿದ್ದು, ತನ್ನ ತಂದೆ ಎಂಥವನು ಅಂತ ಗೊತ್ತಿದ್ದು ಹೇಳಿದ್ದು. ನಾವು ವಚನ ಕಲಿಯಬೇಕಾದದ್ದೂ ಹಾಗೆ, ಸುಮ್ನೆ ಬಾಯಿಪಾಠಕ್ಕಲ್ಲ. ಮತ್ತೆ, ಅಷ್ಟಾದ ಮೇಲೂ ಸೈತಾನ ಶಾಶ್ವತವಾಗಿ ಹೋಗಲಿಲ್ಲ. ತಕ್ಕ ಸಮಯ ಬರುವವರೆಗೆ ಬಿಟ್ಟು ಹೋದ ಅಂತ ಲೂಕ ತನ್ನ ಸುವಾರ್ತೆಯಲ್ಲಿ ಬರೆಯುತ್ತಾನೆ. ಒಂದು ಸಲ ಗೆದ್ದವನಿಗೆ ಮತ್ತೆ ಶೋಧನೆ ಬಂದರೆ ಮೊದಲ ಗೆಲುವು ಸುಳ್ಳು ಅಂತ ಅರ್ಥ ಅಲ್ಲ.

ನನಗೆ ಮುಖ್ಯವಾಗಿ ಹೇಳಬೇಕಾದದ್ದು ಇದು. ಶೋಧನೆ ಬೆಳೆಯುವುದು ಗುಟ್ಟಿನಲ್ಲಿ. ಒಬ್ಬನೇ ಹೋರಾಡುತ್ತೇನೆ ಅನ್ನುವವನು ಅರ್ಧ ಸೋತ ಹಾಗೆ. ಶಿಲುಬೆಗೆ ಹೋಗುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸು ಏನು ಮಾಡಿದ? ತನ್ನ ಶಿಷ್ಯರಾದ ಪೇತ್ರ, ಯಾಕೋಬ, ಯೋಹಾನರನ್ನು ಜೊತೆಗೆ ಕರೆದುಕೊಂಡು ಹೋದ. ನನ್ನ ಪ್ರಾಣವು ಸಾಯುವಷ್ಟು ದುಃಖಪಡುತ್ತಿದೆ, ಇಲ್ಲೇ ಇದ್ದು ನನ್ನ ಸಂಗಡ ಎಚ್ಚರವಾಗಿರಿ ಅಂತ ಕೇಳಿಕೊಂಡ. ದೇವರ ಮಗನೇ ತನ್ನ ಒಳಗಿನ ಸಂಕಟವನ್ನು ಸ್ನೇಹಿತರ ಹತ್ತಿರ ಬಾಯಿಬಿಟ್ಟು ಹೇಳಿಕೊಂಡ. ಅವರು ಮೂರು ಸಲವೂ ನಿದ್ದೆ ಹೋದರು, ಅದು ಬೇರೆ ವಿಷಯ. ಮನಸ್ಸು ಸಿದ್ಧವಾಗಿದೆ, ದೇಹಕ್ಕೆ ಬಲ ಸಾಲದು ಅನ್ನುವ ಮಾತು ಬಂದದ್ದು ಅಲ್ಲಿಯೇ, ಅದೂ ಬೈಗುಳದ ಹಾಗೆ ಅಲ್ಲ, ಅವರ ಸ್ಥಿತಿ ಅರ್ಥ ಮಾಡಿಕೊಂಡವನ ಮಾತಿನ ಹಾಗೆ.

ಇನ್ನೊಂದು ಘಟನೆ ಹೇಳುತ್ತೇನೆ. 1935ರ ಮೇ ತಿಂಗಳು, ಅಮೆರಿಕದ ಆಕ್ರನ್ ನಗರ. ಬಿಲ್ ವಿಲ್ಸನ್ ಎಂಬಾತ ಕುಡಿತ ಬಿಟ್ಟು ಕೆಲವೇ ತಿಂಗಳಾಗಿತ್ತು. ವ್ಯಾಪಾರದ ಕೆಲಸಕ್ಕೆ ಅಂತ ಬಂದಿದ್ದ, ಅದು ಕೈಕೊಟ್ಟಿತು. ಹೋಟೆಲಿನಲ್ಲಿ ಒಬ್ಬನೇ. ಬಾರ್‌ನಿಂದ ಜನರ ನಗು, ಮಾತು ಕೇಳಿಸುತ್ತಿತ್ತು. ಅಲ್ಲೇ ಒಂದು ಫೋನೂ ಇತ್ತು, ಚರ್ಚುಗಳ ಪಟ್ಟಿಯೂ ಇತ್ತು. ಅವನು ಬಾರಿನೊಳಗೆ ಹೋಗದೆ ಒಬ್ಬ ಪಾದ್ರಿಗೆ ಫೋನ್ ಮಾಡಿದ. ಕುಡಿತದಿಂದ ಒದ್ದಾಡುತ್ತಿರುವ ಇನ್ನೊಬ್ಬ ಮನುಷ್ಯನ ಹತ್ತಿರ ಮಾತಾಡಬೇಕು, ಯಾರಾದರೂ ಇದ್ದಾರಾ ಅಂತ ಕೇಳಿದ. ಹಾಗೆ ಕೈಬದಲಾಗುತ್ತಾ ಕೊನೆಗೆ ಡಾಕ್ಟರ್ ಬಾಬ್ ಸ್ಮಿತ್ ಎಂಬವರ ಪರಿಚಯ ಆಯಿತು. ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಸಂಘ ಆಲ್ಕೊಹಾಲಿಕ್ಸ್ ಅನಾನಿಮಸ್ ಹುಟ್ಟಿದ್ದು ಆ ಇಬ್ಬರ ಮಾತುಕತೆಯಿಂದ. ಅವನನ್ನು ಅವತ್ತು ಉಳಿಸಿದ್ದು ಅವನ ಗಟ್ಟಿ ಮನಸ್ಸಲ್ಲ, ಅವನು ಮಾಡಿದ ಫೋನು.

ಜೊತೆ ಅನ್ನುವುದು ಕೆಡಿಸಲೂಬಹುದು, ಅದನ್ನೂ ಹೇಳಬೇಕು. ಮುಂದೆ ಸಭೆಯ ದೊಡ್ಡ ಬೋಧಕರಾದ ಸಂತ ಅಗಸ್ಟೀನರು 16 ವರ್ಷದವರಿದ್ದಾಗ ಗೆಳೆಯರ ಜೊತೆ ಸೇರಿ ರಾತ್ರಿ ಯಾರದೋ ಮರದ ಹಣ್ಣು ಕದ್ದರು. ಹಸಿವಿಗಲ್ಲ, ಹೆಚ್ಚಿನದನ್ನು ಹಂದಿಗಳಿಗೆ ಎಸೆದರು. ನಾನೊಬ್ಬನೇ ಇದ್ದಿದ್ದರೆ ಅದನ್ನು ಮಾಡುತ್ತಿರಲಿಲ್ಲ ಅಂತ ಮುಂದೆ ಅವರೇ ಬರೆದುಕೊಂಡಿದ್ದಾರೆ. ಅದಕ್ಕೇ ಪೌಲ ತನ್ನ ಕಿರಿಯ ಜೊತೆಗಾರ ತಿಮೊಥೆಯನಿಗೆ ಯೌವನದ ಆಸೆಗಳಿಂದ ಓಡಿಹೋಗು ಅಂತಷ್ಟೇ ಹೇಳಿ ನಿಲ್ಲಿಸಲಿಲ್ಲ. ಶುದ್ಧ ಹೃದಯದಿಂದ ಕರ್ತನನ್ನು ಕರೆಯುವವರ ಜೊತೆ ಸೇರಿ ಒಳ್ಳೆಯದರ ಹಿಂದೆ ಹೋಗು ಅಂದ. ಓಡಬೇಕು, ಆದರೆ ಒಬ್ಬೊಬ್ಬರೇ ಅಲ್ಲ.

ಹೀಗಾಗಿ ಸಭಾಪಾಲಕರಿಗೆ, ಹಿರಿಯರಿಗೆ, ತಂದೆತಾಯಿಗಳಿಗೆ ನನ್ನ ವಿನಂತಿ. ನಿಮ್ಮ ಹತ್ತಿರ ಯಾರಾದರೂ ಬಂದು ನನಗೆ ಹೀಗೆ ಅನ್ನಿಸುತ್ತಿದೆ ಅಂತ ಹೇಳಿದರೆ ಮೊದಲು ಪೂರ್ತಿ ಕೇಳಿ. ಮಧ್ಯದಲ್ಲಿ ಪ್ರಸಂಗ ಬೇಡ. ಛೇ ನೀನೂ ಹೀಗಾ ಅಂತ ಮುಖ ಸಿಂಡರಿಸಬೇಡಿ. ಇನ್ನೊಬ್ಬರಿಗೆ ಹೇಳಬೇಡಿ, ಪ್ರಾರ್ಥನೆಗಾಗಿ ಅಂತ ಹೆಸರು ಹಿಡಿದು ಎಲ್ಲರ ಮುಂದೆ ಹೇಳುವುದಂತೂ ಬೇಡವೇ ಬೇಡ, ಅದು ಪ್ರಾರ್ಥನೆಯ ವೇಷದ ಚಾಡಿ. ಕಥೋಲಿಕ ಸಭೆಯಲ್ಲಿ ಪಾಪನಿವೇದನೆ ಕೇಳಿದ ಗುರುಗಳು ಅದನ್ನು ಯಾರಿಗೂ ಯಾವ ಕಾರಣಕ್ಕೂ ಹೇಳುವ ಹಾಗಿಲ್ಲ. ಉಳಿದ ಸಭೆಗಳಲ್ಲಿ ಅಂಥ ಕಟ್ಟುನಿಟ್ಟಿನ ವ್ಯವಸ್ಥೆ ಇಲ್ಲದಿದ್ದರೂ, ಮಕ್ಕಳ ಮೇಲೆ ದೌರ್ಜನ್ಯ, ಪ್ರಾಣಾಪಾಯ ಇಂಥ ಸಂಗತಿಗಳನ್ನು ಬಿಟ್ಟರೆ, ಕೇಳಿದ್ದನ್ನು ನಮ್ಮಲ್ಲೇ ಇಟ್ಟುಕೊಳ್ಳಬೇಕು. ಗಲಾತ್ಯದವರಿಗೆ ಬರೆದ ಪತ್ರದ 6ನೇ ಅಧ್ಯಾಯ ಹೇಳುವುದು ಇದನ್ನೇ: ಬಿದ್ದವನನ್ನು ಮೃದುವಾಗಿ ಎತ್ತಿ ನಿಲ್ಲಿಸಿ, ನೀನೂ ಶೋಧನೆಗೆ ಒಳಗಾಗದಂತೆ ನಿನ್ನನ್ನು ನೋಡಿಕೋ.

ಬಿದ್ದವರಿಗೂ ಒಂದು ಮಾತು. ಹೇಗೂ ಬಿದ್ದೆ, ಇನ್ನು ಏನಾದರೇನು ಅನ್ನುವುದು ಎರಡನೇ ಶೋಧನೆ, ಮೊದಲನೆಯದಕ್ಕಿಂತ ಅಪಾಯ. ಯೇಸುವನ್ನು ಬಂಧಿಸಿದ ರಾತ್ರಿ ಪೇತ್ರ ಮೂರು ಸಲ ಅವನನ್ನು ಅರಿಯೆ ಅಂದ, ಹೊರಗೆ ಹೋಗಿ ಬಹಳವಾಗಿ ಅತ್ತ. ಮುಂದೆ ಅದೇ ಪೇತ್ರನಿಗೆ ಯೇಸು ನನ್ನ ಕುರಿಗಳನ್ನು ಮೇಯಿಸು ಅಂತ ಕೆಲಸ ಒಪ್ಪಿಸಿದ. ನಾವು ಪಾಪಗಳನ್ನು ಒಪ್ಪಿಕೊಂಡರೆ ಆತನು ಕ್ಷಮಿಸುತ್ತಾನೆ ಅಂತ ಯೋಹಾನ ಬರೆದದ್ದು ನಂಬಿಕೆ ಇಲ್ಲದವರಿಗಲ್ಲ, ಸಭೆಯವರಿಗೇ.

ಕೊನೆಯದಾಗಿ ಕುಡಿತ, ಮಾದಕ ವಸ್ತು, ಜೂಜು ಇವುಗಳ ಹಿಡಿತಕ್ಕೆ ಪೂರ್ತಿ ಸಿಕ್ಕಿಕೊಂಡವರ ಬಗ್ಗೆ. ಅಲ್ಲಿ ಬರೀ ಶೋಧನೆ ಮಾತ್ರ ಇರುವುದಿಲ್ಲ, ಕಾಯಿಲೆಯೂ ಇರುತ್ತದೆ. ವರ್ಷಗಟ್ಟಲೆ ವಿಪರೀತ ಕುಡಿದವರು ಒಂದೇ ಸಲ ನಿಲ್ಲಿಸಿದರೆ ಕೈಕಾಲು ನಡುಗಬಹುದು, ಫಿಟ್ಸ್ ಬರಬಹುದು, ಚಿಕಿತ್ಸೆ ಸಿಗದಿದ್ದರೆ ಪ್ರಾಣಕ್ಕೇ ಅಪಾಯ ಆಗಬಹುದು. ಅಂಥವರನ್ನು ಉಪವಾಸ ಪ್ರಾರ್ಥನೆಗೆ ಕೂರಿಸಿ ಬಾಗಿಲು ಹಾಕಬೇಡಿ. ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಪ್ರಾರ್ಥನೆಯೂ ಮಾಡಿ, ಜೊತೆಗೂ ಇರಿ, ಔಷಧಿಯೂ ಕೊಡಿಸಿ. ಸುವಾರ್ತೆ ಬರೆದ ಲೂಕನನ್ನು ಪೌಲ ಪ್ರಿಯ ವೈದ್ಯನು ಅಂತಲೇ ಕರೆದಿದ್ದಾನೆ. ಆಸ್ಪತ್ರೆಗೆ ಹೋದರೆ ನಂಬಿಕೆ ಇಲ್ಲ ಅಂತ ಅರ್ಥ ಅನ್ನುವವರು ಕೊಲೊಸ್ಸೆಯವರಿಗೆ ಬರೆದ ಪತ್ರದ 4ನೇ ಅಧ್ಯಾಯವನ್ನು ಒಮ್ಮೆ ತೆಗೆದು ನೋಡಲಿ.

ಇಂತಿ ನಿಮ್ಮ ಓದುಗ